ಟ್ರಫಲ್‌ಗೆ ಹಾಲು ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚಾಕೊಲೇಟ್ ಕೇಕ್ ಟ್ರಫಲ್ ಮಾಡುವ ಬಗೆ ಪ್ರಕಟವಾಗಿದೆ. ಉಳಿದ ಕೇಕನ್ನು ಪುಡಿ ಮಾಡಿ, ಬೇಕಾದಷ್ಟು ಹಾಲು ಹಾಕಿ ಕಲಸಿ, ಉಂಡೆ ಕಟ್ಟಿ, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ ಫ್ರಿಜ್‌ನಲ್ಲಿಡಿ ಎಂದಷ್ಟೇ ಅದರಲ್ಲಿದೆ. ಚಿತ್ರ ಚೆನ್ನಾಗಿದೆ, ನಿಜ. ಆದರೆ ಆ ನಾಲ್ಕು ಸಾಲು ನಂಬಿ ಮಾಡಿದವರ ಕೈಗೆ ಸಿಗುವುದು ಒಳಗೆ ಹಿಟ್ಟುಹಿಟ್ಟಾದ ಮುದ್ದೆ, ಹೊರಗೆ ಬಿರುಕು ಬಿಟ್ಟ ಕೋಟಿಂಗ್, ಎರಡು ಮೂರು ದಿನ ಕಳೆದರೆ ಬೂಷ್ಟು. ರವೆ ಉಂಡೆಗೆ 'ಬೇಕಾದಷ್ಟು ಹಾಲು' ಎಂದರೆ ನಡೆಯುತ್ತದೆ. ಅದರ ಹದ ನಮ್ಮ ಅಡುಗೆಮನೆಗಳಿಗೆ ತಲೆತಲಾಂತರದಿಂದ ಗೊತ್ತು. ಕೇಕ್ ಉಂಡೆಯ ಹದ ಇನ್ನೂ ಹೊಸದು. ಅದನ್ನು ಗ್ರಾಂ ಲೆಕ್ಕದಲ್ಲಿ ಹೇಳದೆ ಬೇರೆ ದಾರಿಯಿಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಟ್ರಫಲ್ ಎನ್ನುವುದು ನೆಲದೊಳಗೆ ಬೆಳೆಯುವ ದುಬಾರಿ ಅಣಬೆ. ಮಳೆ ಶುರುವಾದಾಗ ಕರಾವಳಿಯಲ್ಲಿ ಸಿಗುವ ಕಲ್ಲಣಬೆ ನೋಡಲು ಅದರ ನೆಂಟನಂತಿದೆ. ಫ್ರಾನ್ಸಿನವರು ಚಾಕೊಲೇಟ್ ಮತ್ತು ಕ್ರೀಮ್ ಸೇರಿಸಿದ ಗನಾಶ್ ಉಂಡೆಯನ್ನು ಕೋಕೋ ಪುಡಿಯಲ್ಲಿ ಹೊರಳಿಸಿದರು. ಅದು ಮಣ್ಣು ಮೆತ್ತಿದ ಆ ಅಣಬೆಯಂತೆ ಕಂಡು ಹೆಸರು ಅಂಟಿಕೊಂಡಿತು. ನಮ್ಮ ಬೇಕರಿಗಳಲ್ಲಿ 'ಟ್ರಫಲ್ ಕೇಕ್' ಕೇಳಿದರೆ ಮೇಲೆ ಗನಾಶ್ ಸುರಿದ ಕೇಕ್ ಕೊಡುತ್ತಾರೆ. ಕೇಕ್ ಟ್ರಫಲ್ ಅದಲ್ಲ. ಕೇಕಿನ ಪುಡಿಗೆ ಗನಾಶ್ ಬೆರೆಸಿ ಕಟ್ಟಿದ ಉಂಡೆ ಅದು. ಜರ್ಮನಿ, ಡೆನ್ಮಾರ್ಕಿನ ಬೇಕರಿಗಳಲ್ಲಿ ಉಳಿದ ಕೇಕಿಗೆ ಒಂದು ದಾರಿ ಕಾಣಿಸಲು ಮಾಡುವ ರಮ್ ಬಾಲ್ ಕೂಡ ಇದೇ ಕುಲದ್ದು. ಕೋಲು ಚುಚ್ಚಿದರೆ ಕೇಕ್ ಪಾಪ್ ಆಗುತ್ತದೆ. ಹೆಸರು ಯಾವುದಾದರೂ ಇರಲಿ, ಕೆಲಸ ಉಂಡೆ ಕಟ್ಟುವುದೇ. ತಂಬಿಟ್ಟಿನ ಉಂಡೆ ಕಟ್ಟಿ ಗೊತ್ತಿರುವವರಿಗೆ ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ.

ಹಾಲು ಯಾಕೆ ಬೇಡ? ಕೇಕಿನ ಪುಡಿ ನೀರನ್ನು ಹೀರಿ ಉಬ್ಬುತ್ತದೆ, ಅಗಿದರೆ ನೆನೆದ ಬ್ರೆಡ್ಡಿನಂತೆ ಹಲ್ಲಿಗೆ ಮೆತ್ತುತ್ತದೆ. ಅದು ರುಚಿಯ ಮಾತಾಯಿತು. ಅದಕ್ಕಿಂತ ದೊಡ್ಡದು ಕೆಡುವ ವಿಚಾರ. ಹಾಲಿನಲ್ಲಿ ಹೆಚ್ಚಿನ ಪಾಲು ಬರೀ ನೀರು. ಆ ನೀರನ್ನು ಹಿಡಿದಿಟ್ಟುಕೊಳ್ಳುವಷ್ಟು ಸಕ್ಕರೆಯಾಗಲಿ ಕೊಬ್ಬಾಗಲಿ ಅದರಲ್ಲಿಲ್ಲ. ಹೀಗೆ ಬಿಡಿಯಾಗಿ ಉಳಿದ ನೀರೇ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಆಹಾರ. ಗನಾಶ್, ಕಂಡೆನ್ಸ್ಡ್ ಮಿಲ್ಕ್, ಜಾಮ್‌ಗಳಲ್ಲೂ ನೀರಿದೆ. ಆದರೆ ಅಲ್ಲಿ ಸಕ್ಕರೆ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಪಾಕ ಬಂದ ಬೆಲ್ಲ ಕೆಡುವುದಿಲ್ಲ, ಪಾನಕ ಸಂಜೆಗೇ ಹುಳಿಯಾಗುತ್ತದೆ. ಲೆಕ್ಕ ಅದೇ.

ಇನ್ನು ಕೇಕು. ಉಳಿದ ಕೇಕೇ ಆಗಬೇಕೆಂದಿಲ್ಲ. ಉಳಿದದ್ದಾದರೆ ಯಾವುದು ಉಳಿದದ್ದು ಎಂದು ನೋಡಿಕೊಳ್ಳಬೇಕು. ಹುಟ್ಟುಹಬ್ಬದ ಕೇಕಿನ ಮೇಲಿನ ವಿಪ್ಪಿಂಗ್ ಕ್ರೀಮ್, ನಡುವಿನ ಅನಾನಸ್ ತುಂಡು, ಸಕ್ಕರೆ ನೀರು ಹಾಕಿ ನೆನೆಸಿದ ಪದರ ಎಲ್ಲವೂ ಸೇರಿದ ಕೇಕನ್ನು ಪುಡಿ ಮಾಡಿ ಉಂಡೆ ಕಟ್ಟಿದರೆ ಅದು ಆ ದಿನದ ಮಟ್ಟಿಗಷ್ಟೇ ಸರಿ. ಏನೂ ಹಚ್ಚದ ಒಣ ಚಾಕೊಲೇಟ್ ಸ್ಪಂಜ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಮೊಟ್ಟೆಯಿಲ್ಲದ ಈ ಕೇಕನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದು: ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಸಿಹಿಯಿಲ್ಲದ ಕೋಕೋ ಪುಡಿ 25 ಗ್ರಾಂ, ಅಡುಗೆ ಸೋಡಾ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ನೀರು 240 ಮಿ.ಲೀ., ವಾಸನೆಯಿಲ್ಲದ ಎಣ್ಣೆ 75 ಮಿ.ಲೀ., ವಿನೆಗರ್ 15 ಮಿ.ಲೀ., ವೆನಿಲ್ಲಾ ಎಸೆನ್ಸ್ ಒಂದು ಟೀ ಚಮಚ ಸೇರಿಸಿ ಒಣ ಹಿಟ್ಟಿಗೆ ಸುರಿದು ಗಂಟಿಲ್ಲದಂತೆ ಕದಡಿ. ಹೆಚ್ಚು ಕದಡಿದರೆ ಕೇಕ್ ರಬ್ಬರಿನಂತಾಗುತ್ತದೆ, ಅದು ಆಮೇಲೆ ಪುಡಿಯಾಗಲು ಒಪ್ಪುವುದಿಲ್ಲ. ವಿನೆಗರ್ ಸೋಡಾವನ್ನು ಎಬ್ಬಿಸಿದ ಗಳಿಗೆಯಿಂದ ಗಾಳಿ ಹೊರಹೋಗತೊಡಗುತ್ತದೆ. ಆದ್ದರಿಂದ ಓವನ್ ಮೊದಲೇ 180 ಡಿಗ್ರಿಗೆ ಕಾದಿರಲಿ, ಹಿಟ್ಟನ್ನು ಕಲಸಿಟ್ಟು ತಡ ಮಾಡುವುದು ಬೇಡ. ಎಂಟು ಇಂಚಿನ ತಟ್ಟೆಯಲ್ಲಿ 30ರಿಂದ 35 ನಿಮಿಷ ಸಾಕು. ಓವನ್ ಇಲ್ಲದವರು ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಹತ್ತು ನಿಮಿಷ ಕಾಯಿಸಿಕೊಂಡು, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಬಹುದು. ಸುಮಾರು 650 ಗ್ರಾಂ ಕೇಕ್ ಸಿಗುತ್ತದೆ. ನಮಗೆ ಬೇಕಾದದ್ದು 400 ಗ್ರಾಂ. ಉಳಿದದ್ದನ್ನು ಮನೆಯ ಮಕ್ಕಳು ನೋಡಿಕೊಳ್ಳುತ್ತಾರೆ.

ಕೇಕ್ ಪೂರ್ತಿ ತಣಿಯಬೇಕು. ಬಿಸಿ ಇರುವಾಗಲೇ ಪುಡಿ ಮಾಡಿದರೆ ಹಬೆ ಒಳಗೇ ಉಳಿದು ಮುದ್ದೆಯಾಗುತ್ತದೆ. ರಾತ್ರಿಯಿಡೀ ಬಟ್ಟೆ ಮುಚ್ಚಿಟ್ಟರೆ ಇನ್ನೂ ಉತ್ತಮ. ಒರಟಾದ ಅಂಚನ್ನೂ ಮೇಲಿನ ಗಟ್ಟಿ ಸಿಪ್ಪೆಯನ್ನೂ ಚಾಕುವಿನಿಂದ ಕೆತ್ತಿ ತೆಗೆಯಿರಿ, ಅವು ಉಂಡೆಯೊಳಗೆ ಕಲ್ಲಿನ ಹರಳಿನಂತೆ ಸಿಗುತ್ತವೆ. ಪುಡಿ ಮಾಡಲು ಕೈ ಬೆರಳೇ ಸಾಕು. ಮಿಕ್ಸಿ ಬೇಕೆಂದರೆ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಮೂರು ನಾಲ್ಕು ಸಲ ಅಷ್ಟೇ. ಒಂದೇ ಸಮ ತಿರುಗಿಸಿದರೆ ಕೇಕಿನ ಎಣ್ಣೆ ಬಿಟ್ಟು ಚಟ್ನಿಯಾಗುತ್ತದೆ. ಪುಡಿ ದಪ್ಪ ರವೆಯಷ್ಟು ಒರಟಿರಲಿ.

ಈಗ ಗನಾಶ್. ಇಲ್ಲಿ ಯಾವ ಚಾಕೊಲೇಟ್ ಎಂಬ ಪ್ರಶ್ನೆ ಬರುತ್ತದೆ. ನಿಮ್ಮ ಪುರವಣಿ 'ಚಾಕೊಲೇಟ್' ಎಂದು ಬರೆದು ಮುಂದೆ ಹೋಗಿದೆ. ಅಡಿಕೆ ತೋಟದ ನೆರಳಲ್ಲಿ ಕೋಕೋ ಬೆಳೆಯುವ, 1986ರಿಂದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ನಡೆಯುತ್ತಿರುವ ಪುತ್ತೂರಿನಲ್ಲೂ ಈ ವ್ಯತ್ಯಾಸ ತಿಳಿಯದೆ ದುಡ್ಡು ಕಳೆದುಕೊಳ್ಳುವವರು ಬೇಕಷ್ಟು ಜನರಿದ್ದಾರೆ. ಅಂಗಡಿಯಲ್ಲಿ ಸಿಗುವ ಗಟ್ಟಿ ಇಟ್ಟಿಗೆಗಳಲ್ಲಿ ಎರಡು ಜಾತಿ. ಒಂದು ನಿಜವಾದ ಚಾಕೊಲೇಟ್. ಅದರ ಕೊಬ್ಬು ಕೋಕೋ ಬೆಣ್ಣೆ. ಇನ್ನೊಂದು ಕಾಂಪೌಂಡ್. ಅದರಲ್ಲಿ ಕೋಕೋ ಪುಡಿ ಇದೆ, ಕೊಬ್ಬು ಮಾತ್ರ ತಾಳೆಬೀಜದಂಥ ಎಣ್ಣೆಯಿಂದ ಗಟ್ಟಿ ಮಾಡಿದ ವನಸ್ಪತಿ. ಹೊದಿಕೆಯ ಹಿಂದೆ ಸಣ್ಣಕ್ಷರದಲ್ಲಿರುವ ಪಟ್ಟಿ ಓದಿ. ಕೋಕೋ ಬೆಣ್ಣೆ ಎಂದಿದ್ದರೆ ಮೊದಲನೆಯದು, ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಎಂದಿದ್ದರೆ ಎರಡನೆಯದು. ಕಾಂಪೌಂಡ್ ಅಗ್ಗ, ಕರಗಿಸಿ ಸುರಿದರೆ ತಾನೇ ಗಟ್ಟಿಯಾಗುತ್ತದೆ, ನಾಜೂಕು ಕೇಳುವುದಿಲ್ಲ. ಬಾಯಲ್ಲಿ ಮಾತ್ರ ಕೊನೆಗೆ ಮೇಣದ ಪದರವೊಂದನ್ನು ಅಂಗುಳಿಗೆ ಹಚ್ಚಿ ಹೋಗುತ್ತದೆ. ನಿಜವಾದ ಚಾಕೊಲೇಟ್ ಹತ್ತಿರ ಹತ್ತಿರ ಮೈ ಬಿಸಿಯಲ್ಲಿ ಕರಗುವುದರಿಂದ ಹಾಗಾಗುವುದಿಲ್ಲ. ಎರಡನ್ನೂ ಸೇರಿಸಿ ಕರಗಿಸುವ ಜಾಣತನ ಬೇಡ. ಆ ಎರಡು ಕೊಬ್ಬುಗಳು ಒಂದಕ್ಕೊಂದು ಹೊಂದುವುದಿಲ್ಲ. ಕೋಟಿಂಗ್ ಮೆದುವಾಗಿ, ನಾಲ್ಕು ದಿನದಲ್ಲಿ ಬಿಳಿಚಿಕೊಳ್ಳುತ್ತದೆ.

ನಮ್ಮ ಸಲಹೆ ಇಷ್ಟು: ಒಳಗಿನ ಗನಾಶ್‌ಗೆ ನಿಜವಾದ ಡಾರ್ಕ್ ಚಾಕೊಲೇಟ್, ಹೊರಗಿನ ಕೋಟಿಂಗ್‌ಗೆ ಕಾಂಪೌಂಡ್. ರುಚಿ ಒಳಗಿನಿಂದ ಬರುತ್ತದೆ, ಗಟ್ಟಿತನ ಹೊರಗಿನಿಂದ. ಶುದ್ಧವಾದಿಗಳು ಮೂಗು ಮುರಿಯಬಹುದು. ಮುರಿಯಲಿ, ಅವರ ಮನೆಯಲ್ಲಿ ಎ.ಸಿ. ಇರುತ್ತದೆ.

ಗನಾಶ್‌ಗೆ 150 ಗ್ರಾಂ ಡಾರ್ಕ್ ಚಾಕೊಲೇಟನ್ನು ತೆಂಗಿನ ಚೂರಿನಷ್ಟು ಸಣ್ಣಗೆ ಹೆಚ್ಚಿಕೊಳ್ಳಿ. ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವ, ಶೇ 25 ಕೊಬ್ಬಿನ ಫ್ರೆಶ್ ಕ್ರೀಮ್ 100 ಗ್ರಾಂ ತೆಗೆದುಕೊಂಡು ಸಣ್ಣ ಉರಿಯಲ್ಲಿ, ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಬಿಸಿ ಮಾಡಿ. ಕೊತಕೊತ ಕುದಿಸಿದರೆ ಈ ಕ್ರೀಮ್ ಒಡೆಯುತ್ತದೆ. ಅದನ್ನು ಚಾಕೊಲೇಟಿನ ಮೇಲೆ ಸುರಿದು ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ನಡುವಿನಿಂದ ಶುರು ಮಾಡಿ ಸಣ್ಣ ಸುತ್ತುಗಳಲ್ಲಿ ಕದಡುತ್ತ ಹೊರಗೆ ಬನ್ನಿ. ಹೊಳೆಯುವ, ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಮಿಶ್ರಣ ಬರುತ್ತದೆ. ಒಂದು ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದರೆ ಕೋಕೋದ ರುಚಿ ಎದ್ದು ಕಾಣುತ್ತದೆ, ಕಾಫಿ ಮುಂದೆ ಬರುವುದಿಲ್ಲ.

ಎಣ್ಣೆ ಬೇರೆ, ಕಪ್ಪು ಗಸಿ ಬೇರೆಯಾಗಿ ಗನಾಶ್ ಒಡೆದರೆ ಎಸೆಯಬೇಡಿ. ಕ್ರೀಮ್ ತೀರಾ ಬಿಸಿಯಾಗಿತ್ತು, ಇಲ್ಲವೇ ಅದರಲ್ಲಿದ್ದ ನೀರಿಗಿಂತ ಕೊಬ್ಬು ಹೆಚ್ಚಾಯಿತು ಎಂದರ್ಥ. ಉಗುರುಬೆಚ್ಚಗಿನ ಹಾಲನ್ನು ಒಂದೊಂದೇ ಟೀ ಚಮಚ ನಡುವಿಗೆ ಹಾಕಿ ಜೋರಾಗಿ ಕದಡಿದರೆ ಎರಡನೆಯದಕ್ಕೋ ಮೂರನೆಯದಕ್ಕೋ ಕೂಡಿಕೊಳ್ಳುತ್ತದೆ. ಹಾಲು ಬೇಡ ಎಂದವರೇ ಹಾಲು ಹೇಳುತ್ತಿದ್ದಾರೆ ಎನ್ನಬೇಡಿ. ಇಲ್ಲಿ ಅದು ಔಷಧಿ, ಮೂರು ಚಮಚದ ಮೇಲೆ ಕೊಡುವಂತಿಲ್ಲ.

ಗನಾಶ್ ಬೆರಳಿಗೆ ಬಿಸಿ ತಾಗದಷ್ಟು ತಣಿದ ಮೇಲೆ 400 ಗ್ರಾಂ ಪುಡಿಗೆ ಮೊದಲು 160 ಗ್ರಾಂ ಮಾತ್ರ ಸೇರಿಸಿ. ಅಂದರೆ ನೂರಕ್ಕೆ ನಲವತ್ತು. ಮೇಲೆ ಹೇಳಿದ ಕೇಕ್ ತೇವದ್ದು, ಅದಕ್ಕೆ ಇಷ್ಟು ಸಾಕು. ಬೇಕರಿಯ ಒಣ ಸ್ಪಂಜಾದರೆ ನೂರಕ್ಕೆ ಐವತ್ತು, ಅರುವತ್ತರವರೆಗೂ ಹೋಗಬಹುದು. ಬೆಲ್ಲ ಹಾಕಿ ಮಾಡಿದ ಕೇಕಾದರೆ ಮೂವತ್ತರಿಂದಲೇ ಶುರು ಮಾಡಿ, ಬೆಲ್ಲ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಕಲಸಿದ ಕೂಡಲೇ ಮಿಶ್ರಣ ಉದುರುದುರಾಗಿ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಬರಿಯಾಗಿ ಇನ್ನಷ್ಟು ಸುರಿಯುತ್ತಾರೆ. ಮುಚ್ಚಿ ಅರ್ಧ ಗಂಟೆ ಇಡಿ. ಅಷ್ಟರಲ್ಲಿ ಪುಡಿ ಗನಾಶನ್ನು ಕುಡಿದು, ಗನಾಶ್ ಬಿಗಿಯಾಗಿ, ಹದ ತಾನಾಗಿ ಬರುತ್ತದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಬೆರಳಿನ ಗುರುತು ಮೂಡಿ ಹಾಗೇ ನಿಂತರೆ ಸರಿ. ಹೆಬ್ಬೆರಳಿನಿಂದ ಒತ್ತಿದಾಗ ಅಂಚು ಸೀಳಿದರೆ ಇನ್ನೂ ಒಂದು ಚಮಚ ಗನಾಶ್ ಬೇಕು. ಅಂಗೈಗೆ ಎಣ್ಣೆ ಹತ್ತಿ ಉಂಡೆ ಹೊಳೆದರೆ ಹೆಚ್ಚಾಗಿದೆ, ಒಂದು ಹಿಡಿ ಒಣ ಪುಡಿಯನ್ನೋ ಎರಡು ಚಮಚ ಪುಡಿ ಮಾಡಿದ ಮಾರಿ ಬಿಸ್ಕತ್ತನ್ನೋ ಸೇರಿಸಿ. ಕೇಕ್ ಹಿಟ್ಟಿನ ಒಣ ಮೈದಾವನ್ನು ಮಾತ್ರ ಸೇರಿಸಬೇಡಿ, ಹಸಿ ಮೈದಾ ತಿನ್ನುವ ಪದಾರ್ಥವಲ್ಲ.

ಗನಾಶ್ ಬೇಡವೆನ್ನುವವರಿಗೆ ಕಂಡೆನ್ಸ್ಡ್ ಮಿಲ್ಕ್ ಇದೆ. ನೂರು ಗ್ರಾಂ ಪುಡಿಗೆ 30ರಿಂದ 35 ಗ್ರಾಂ. ತೀರಾ ಸಿಹಿ, ಆದ್ದರಿಂದ ಒಂದು ಚಮಚ ಕೋಕೋ ಹೆಚ್ಚಿಗೆ ಹಾಕಿಕೊಳ್ಳಬೇಕು. ಜಾಮ್ ಕೂಡ ಆದೀತು.

ಉಂಡೆ 18 ಗ್ರಾಂ ಇರಲಿ, ದೊಡ್ಡ ನೆಲ್ಲಿಕಾಯಿಯ ಗಾತ್ರ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಮೊದಲ ನಾಲ್ಕನ್ನು ತೂಗಿದರೆ ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಈ ಅಳತೆಗೆ 31, 32 ಉಂಡೆಗಳಾಗುತ್ತವೆ. ಮೊದಲು ಗಟ್ಟಿಯಾಗಿ ಹಿಸುಕಿ, ಆಮೇಲೆ ಹಗುರಾಗಿ ಉರುಟಿ. ಮೊದಲೇ ಉರುಟಲು ಹೋದರೆ ಒಳಗೆ ಗಾಳಿ ಉಳಿದು, ಅದ್ದುವಾಗ ಆ ಗಾಳಿ ಕೋಟಿಂಗಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿಕೊಂಡು ಹೊರಬರುತ್ತದೆ. ಮರುದಿನ ಆ ತೂತಿನಿಂದ ಎಣ್ಣೆ ಜಿನುಗಿದ್ದು ಕಾಣುತ್ತದೆ. ಗೋಡಂಬಿ ಚೂರು ಬೆರೆಸುವುದಾದರೆ ಹುರಿದು, ಅಕ್ಕಿಕಾಳಿನಷ್ಟು ಸಣ್ಣಗೆ ಮಾಡಿ. ದೊಡ್ಡ ಚೂರು ಉಂಡೆಯನ್ನು ಸೀಳುತ್ತದೆ.

ಇನ್ನು ಅದ್ದುವ ಕೆಲಸ. ಪುರವಣಿಯಲ್ಲಿ ಇದಕ್ಕೆ ಒಂದೇ ವಾಕ್ಯ ಕೊಟ್ಟಿದ್ದೀರಿ. ಇಲ್ಲಿಯೂ ತಪ್ಪು ನಡೆಯುವುದು ಬಹಳ.

32 ಉಂಡೆಗಳ ಮೈಗೆ ಹತ್ತುವುದು 250 ಗ್ರಾಂ ಕಾಂಪೌಂಡ್. ಆದರೆ ಪಾತ್ರೆಯಲ್ಲಿ ಮುಳುಗುವಷ್ಟು ಆಳ ಬೇಕಲ್ಲ, ಅದಕ್ಕೆ 400 ಗ್ರಾಂ ಕರಗಿಸಿಕೊಳ್ಳಿ. ಅಗಲ ಪಾತ್ರೆಗಿಂತ ಕಿರಿದಾದ, ಆಳವಾದ ಸ್ಟೀಲ್ ಲೋಟ ಒಳ್ಳೆಯದು. ಕೆಳಗಿನ ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಉರಿ ಆರಿಸಿ, ಅದರ ಮೇಲೆ ಹೆಚ್ಚಿದ ಕಾಂಪೌಂಡಿನ ಬೋಗುಣಿ ಇಡಿ. ಬೋಗುಣಿಯ ತಳಕ್ಕೆ ನೀರು ಮುಟ್ಟಬಾರದು. ಬೋಗುಣಿ ಕೆಳಗಿನ ಪಾತ್ರೆಗಿಂತ ಅಗಲವಿರಬೇಕು, ಇಲ್ಲದಿದ್ದರೆ ಹಬೆ ಸುತ್ತಿ ಬಂದು ಚಾಕೊಲೇಟಿಗೆ ಇಳಿಯುತ್ತದೆ. ಪೂರ್ತಿ ಕರಗಿದ ಮೇಲೆ ಲೋಟಕ್ಕೆ ಸುರಿಯಿರಿ. ಮೈಕ್ರೋವೇವ್ ಆದರೆ ಅರ್ಧ ಶಕ್ತಿಯಲ್ಲಿ 30 ಸೆಕೆಂಡ್, ಕದಡಿ, ಮತ್ತೆ 15 ಸೆಕೆಂಡ್, ಕದಡಿ. ಇನ್ನೂ ನಾಲ್ಕಾರು ಗಟ್ಟಿ ಚೂರು ಉಳಿದಿರುವಾಗಲೇ ನಿಲ್ಲಿಸಿ, ಪಾತ್ರೆಯ ಬಿಸಿಗೇ ಅವು ಕರಗುತ್ತವೆ.

ಒಂದು ಹನಿ ನೀರು ಬಿದ್ದರೆ ಕರಗಿದ ಚಾಕೊಲೇಟ್ ಕಣ್ಣೆದುರಿಗೇ ಒದ್ದೆ ಮರಳಿನಂತೆ ಬಿರುಸಾಗುತ್ತದೆ. ಚಾಕೊಲೇಟ್ ನೋಡಲು ದ್ರವ, ಆದರೆ ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಮತ್ತು ಕೋಕೋ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಗಂಟು ಕಟ್ಟುವುದಿಲ್ಲವೇ, ಇಲ್ಲಿಯೂ ಅಷ್ಟೇ. ತೆಳುವಾಗಲೆಂದು ಒಂದು ಚಮಚ ಹಾಲು ಅಥವಾ ನೀರು ಹಾಕುವವರು ಈ ಗುಂಡಿಗೆ ತಾವಾಗಿಯೇ ಬೀಳುತ್ತಾರೆ. ತೆಳುವಾಗಬೇಕಿದ್ದರೆ 100 ಗ್ರಾಂ ಕಾಂಪೌಂಡಿಗೆ ಒಂದು ಟೀ ಚಮಚ ವಾಸನೆಯಿಲ್ಲದ ತೆಂಗಿನೆಣ್ಣೆ ಹಾಕಿ. ಅದಕ್ಕಿಂತ ಹೆಚ್ಚು ಬೇಡ, ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವಂಥದ್ದು, ಕೋಟಿಂಗ್ ಬೆರಳಿಗೆ ಹತ್ತತೊಡಗುತ್ತದೆ. ಗಂಟಾಗಿ ಹೋದ ಚಾಕೊಲೇಟ್ ಅದ್ದಲು ಬಾರದು, ಆದರೆ ಬಿಸಿ ಕ್ರೀಮ್ ಹಾಕಿ ಕದಡಿದರೆ ಗನಾಶ್ ಆಗುತ್ತದೆ.

ಬಿರುಕಿನ ವಿಷಯಕ್ಕೆ ಬರೋಣ. ಬಹಳ ಮಂದಿ ಉಂಡೆಗಳನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿ ಅದ್ದುತ್ತಾರೆ. ಕೋಟಿಂಗ್ ಥಟ್ಟನೆ ಹಿಡಿಯುವುದು ನೋಡಲು ಖುಷಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಸುತ್ತ ಒಂದು ಕೂದಲಿನಂಥ ಗೆರೆ. ಕೊರೆಯುವ ಚಳಿಯ ಉಂಡೆ ಹೊರಗಿನ ಬಿಸಿಗೆ ಬರುತ್ತ ಹಿಗ್ಗುತ್ತದೆ, ಆಗಲೇ ಗಟ್ಟಿಯಾಗಿರುವ ಕೋಟಿಂಗ್ ಹಿಗ್ಗಲಾರದು, ಸೀಳುತ್ತದೆ. ಹಾಗೆಂದು ಮೆತ್ತಗಿನ ಉಂಡೆಯನ್ನು ಅದ್ದಿದರೆ ಅದು ಲೋಟದಲ್ಲೇ ಕಳಚಿ ಪುಡಿ ಬಿಡುತ್ತದೆ. ಎರಡರ ನಡುವಿನ ದಾರಿ ಹೀಗೆ: ಉಂಡೆಗಳನ್ನು ಫ್ರಿಜ್‌ನಲ್ಲಿ 30 ನಿಮಿಷ ಇಟ್ಟು, ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಮುಟ್ಟಿದರೆ ತಂಪು, ಒತ್ತಿದರೆ ಗಟ್ಟಿ, ಆದರೆ ಮೇಲೆ ನೀರಿನ ಪಸೆಯಿಲ್ಲ. ಅದೇ ಅದ್ದುವ ಹೊತ್ತು. ಕಾಂಪೌಂಡ್ 40 ಡಿಗ್ರಿಯ ಆಸುಪಾಸಿನಲ್ಲಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಕೆಳತುಟಿಗೆ ಒಂದು ಚೂರು ತಾಗಿಸಿ ನೋಡಿ, ಬೆಚ್ಚಗೆ ಅನಿಸಬೇಕು, ಸುಡಬಾರದು.

ಬೇಕರಿಯವರ ಒಂದು ಗುಟ್ಟು ಇಲ್ಲಿ ಹೇಳಬೇಕು. ನೇರವಾಗಿ ಅದ್ದುವ ಮೊದಲು ಅಂಗೈಗೆ ಅರ್ಧ ಚಮಚ ಕರಗಿದ ಕಾಂಪೌಂಡ್ ಸವರಿಕೊಂಡು ಉಂಡೆಯನ್ನು ಎರಡು ಸುತ್ತು ಉರುಟಿ ತಟ್ಟೆಯಲ್ಲಿಡಿ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪದರ. ಅದು ಒಣಗಿದರೆ ಪುಡಿ ಉದುರುವುದಿಲ್ಲ, ಸೂಜಿತೂತು ಮುಚ್ಚುತ್ತದೆ, ಎರಡನೇ ಕೋಟಿಂಗ್ ನುಣುಪಾಗಿ ಕೂರುತ್ತದೆ. ಕೈ ಕೊಳೆಯಾಗುತ್ತದೆ, ಹೌದು. ಉಂಡೆ ಕಟ್ಟುವವರಿಗೆ ಅದೇನು ಹೊಸದೇ?

ಅದ್ದಲು ಸಾಮಾನ್ಯ ಊಟದ ಫೋರ್ಕ್ ಸಾಕು. ಉಂಡೆಯನ್ನು ಚುಚ್ಚಬೇಡಿ. ಲೋಟಕ್ಕೆ ಬಿಟ್ಟು, ಫೋರ್ಕಿನಿಂದ ಮೇಲೆ ಚಾಕೊಲೇಟ್ ಹೊದೆಸಿ, ಅಡಿಯಿಂದ ಎತ್ತಿ, ಫೋರ್ಕನ್ನು ಲೋಟದ ಅಂಚಿಗೆ ಐದಾರು ಸಲ ಮೆಲ್ಲನೆ ಕುಟ್ಟಿ. ಹೆಚ್ಚಾದದ್ದು ಅಲೆಯಲೆಯಾಗಿ ಇಳಿಯುತ್ತದೆ. ಆಮೇಲೆ ಫೋರ್ಕಿನ ಅಡಿಯನ್ನು ಅಂಚಿಗೆ ಒಮ್ಮೆ ಒರೆಸಿ ಬಟರ್ ಪೇಪರಿನ ಮೇಲೆ ಜಾರಿಸಿ. ಈ ಕೊನೆಯ ಒರೆಸುವಿಕೆ ಬಿಟ್ಟರೆ ಟ್ರಫಲ್ ಸುತ್ತ ಆನೆಯ ಪಾದದಂತೆ ಚಾಕೊಲೇಟ್ ಹರಡಿಕೊಂಡು ಗಟ್ಟಿಯಾಗುತ್ತದೆ. ಚಾಕೊಲೇಟ್ ಶಾವಿಗೆ, ಪಿಸ್ತಾ ಚೂರು ಉದುರಿಸುವುದಾದರೆ ಒಂದೆರಡು ಅದ್ದಿದ ಕೂಡಲೇ ಉದುರಿಸಿ. ಎಲ್ಲ ಮುಗಿದ ಮೇಲೆ ನೋಡೋಣ ಎಂದರೆ ಮೊದಲಿನವು ಆಗಲೇ ಒಣಗಿರುತ್ತವೆ.

ಹೊರಗೂ ನಿಜವಾದ ಚಾಕೊಲೇಟೇ ಬೇಕೆನ್ನುವವರು ಟೆಂಪರಿಂಗ್, ಅಂದರೆ ಚಾಕೊಲೇಟಿನ ಬಿಸಿಯನ್ನು ಅಳೆದು ಇಳಿಸಿ ಏರಿಸಿ ಹದಕ್ಕೆ ತರುವ ಕೆಲಸ, ಕಲಿಯಲೇಬೇಕು. ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಅದರಲ್ಲಿ ಐದನೆಯದು ಮಾತ್ರ ಹೊಳಪು ಕೊಟ್ಟು 'ಟಪ್' ಎಂದು ಮುರಿಯುವುದು. ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, ಕದಡುತ್ತ 27, 28ಕ್ಕೆ ಇಳಿಸಿ, ಮತ್ತೆ 31, 32ಕ್ಕೆ ಏರಿಸಬೇಕು. ಮಿಲ್ಕ್ ಚಾಕೊಲೇಟಾದರೆ ಕೊನೆಯ ಅಂಕಿ 29, 30. ಸುಲಭದ ಉಪಾಯ, ಮೂರರಲ್ಲಿ ಎರಡು ಪಾಲು ಕರಗಿಸಿ, ಉಳಿದ ಗಟ್ಟಿ ಪಾಲನ್ನು ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕಿ ಕದಡುವುದು. ಮೊಸರಿಗೆ ಹೆಪ್ಪು ಹಾಕಿದಂತೆ, ಗಟ್ಟಿ ಚಾಕೊಲೇಟಿನಲ್ಲಿರುವ ಸರಿಯಾದ ಹರಳು ಉಳಿದದ್ದಕ್ಕೂ ದಾರಿ ತೋರಿಸುತ್ತದೆ. ಚಾಕುವಿನ ತುದಿ ಅದ್ದಿ ಇಟ್ಟರೆ ಐದು ನಿಮಿಷದೊಳಗೆ ಹೊಳಪಿನಿಂದ ಒಣಗಬೇಕು. ಇದಕ್ಕೆಲ್ಲ ಕೋಣೆ 20ರಿಂದ 22 ಡಿಗ್ರಿ ಇರಬೇಕು. ಬೆಂಗಳೂರು, ಮಡಿಕೇರಿಯ ಡಿಸೆಂಬರಿನಲ್ಲಿ ಇದು ಪುಕ್ಕಟೆ ಸಿಗುತ್ತದೆ. ಮಂಗಳೂರು, ಕಾರವಾರ, ರಾಯಚೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಟೆಂಪರಿಂಗ್‌ಗೆ ಕೈ ಹಾಕುವವರು ಎ.ಸಿ. ಕೋಣೆಯನ್ನೇ ಹುಡುಕಬೇಕು. 32 ಡಿಗ್ರಿಯ ಅಡುಗೆಮನೆಯಲ್ಲಿ ಕೋಕೋ ಬೆಣ್ಣೆ ಗಟ್ಟಿಯಾಗುವುದೇ ಇಲ್ಲ, ಅದು ನಿಮ್ಮ ಕೈಯ ತಪ್ಪಲ್ಲ.

ಅಂಥ ಸೆಖೆಯ ಊರುಗಳಿಗೆ ನಮ್ಮ ಮೊದಲ ಆಯ್ಕೆ ಕೋಟಿಂಗೇ ಇಲ್ಲದ ಟ್ರಫಲ್. ಕೋಕೋ ಪುಡಿಯಲ್ಲೋ ಸಣ್ಣಗೆ ತುರಿದು ಹುರಿದ ಒಣ ಕೊಬ್ಬರಿಯಲ್ಲೋ ಹೊರಳಿಸಿ ಬಿಡಿ. ಕೋಕೋ ಪುಡಿಯನ್ನು ಮಾತ್ರ ಬಡಿಸುವ ಮುನ್ನವೇ ಹಚ್ಚಿ. ಮೊದಲೇ ಹಚ್ಚಿಟ್ಟರೆ ಕರಾವಳಿಯ ತೇವಕ್ಕೆ ರಾತ್ರಿ ಕಳೆಯುವುದರೊಳಗೆ ಕೆಸರಿನ ಬಣ್ಣಕ್ಕೆ ತಿರುಗುತ್ತದೆ.

'ಫ್ರಿಜ್‌ನಲ್ಲಿಡಿ' ಎಂಬ ಕೊನೆಯ ಮಾತಿಗೂ ಒಂದು ತಿದ್ದುಪಡಿ. ಫ್ರಿಜ್‌ನಿಂದ ಡಬ್ಬಿಯಿಲ್ಲದೆ ತೆಗೆದ ಟ್ರಫಲ್ ಮೇಲೆ ಎರಡೇ ನಿಮಿಷದಲ್ಲಿ ಬೆವರು ಮೂಡುತ್ತದೆ. ಆ ನೀರು ಸಕ್ಕರೆಯನ್ನು ಕರಗಿಸಿ, ಆರಿದಾಗ ಬೂದು ಬಣ್ಣದ ಒರಟು ಕಲೆ ಉಳಿಸುತ್ತದೆ. ಜನ ಅದನ್ನು ಬೂಷ್ಟು ಎಂದು ಎಸೆಯುತ್ತಾರೆ. ಬೆರಳಾಡಿಸಿದರೆ ಒರಟಾಗಿದ್ದರೆ ಅದು ಸಕ್ಕರೆ. ಜಿಡ್ಡಾಗಿ ಅಳಿಸಿಹೋದರೆ ಕೊಬ್ಬು ಮೇಲೆ ಬಂದದ್ದು, ಸೆಖೆಯಲ್ಲಿ ಕರಗಿ ಮತ್ತೆ ಗಟ್ಟಿಯಾದಾಗ ಹಾಗಾಗುತ್ತದೆ. ಎರಡೂ ತಿನ್ನಲು ಅಡ್ಡಿಯಿಲ್ಲ. ಹತ್ತಿಯಂತೆ ನವಿರು ನವಿರಾಗಿ ಎದ್ದು ನಿಂತದ್ದು ಮಾತ್ರ ಬೂಷ್ಟು, ಅದನ್ನು ಡಬ್ಬಿಯಲ್ಲಿರುವ ಉಳಿದದ್ದರ ಸಮೇತ ಎಸೆಯಿರಿ. ಬೆವರು ತಪ್ಪಿಸಲು ಟ್ರಫಲ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಹೊರತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ತೆರೆಯಬೇಡಿ. ಬೆವರು ಡಬ್ಬಿಯ ಹೊರಮೈಗೆ ಬರುತ್ತದೆ, ಒಳಗಿನದು ಒಣಗಿಯೇ ಇರುತ್ತದೆ. ಇಂಗು, ಬೆಳ್ಳುಳ್ಳಿ ಚಟ್ನಿಯ ನೆರೆಯಲ್ಲಿ ಇಡಬೇಡಿ ಎಂದು ಬೇರೆ ಹೇಳಬೇಕಿಲ್ಲ, ಕೋಕೋದ ಕೊಬ್ಬು ಬೆಣ್ಣೆಯಂತೆಯೇ ವಾಸನೆಯನ್ನು ಕದಿಯುತ್ತದೆ. ಗನಾಶಿನ ಉಂಡೆ ಫ್ರಿಜ್‌ನಲ್ಲಿ ಐದು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ಸೆಖೆಯ ದಿನಗಳಲ್ಲಿ ಹೊರಗೆ ಒಂದು ದಿನ ದಾಟಿಸಬೇಡಿ.

ಕ್ರಿಸ್‌ಮಸ್ ಹೊತ್ತಿಗೆ ಕುಸ್ವಾರ್ ತಟ್ಟೆಗೆ, ಅಂದರೆ ಕರಾವಳಿಯ ಕ್ರೈಸ್ತರು ಹಂಚುವ ಹಬ್ಬದ ತಿಂಡಿಗಳ ತಟ್ಟೆಗೆ, ಇದನ್ನು ಸೇರಿಸುವವರು ರಮ್ ಹಾಕುತ್ತಾರೆ. ಈ ಅಳತೆಗೆ ಎರಡು ಟೇಬಲ್ ಚಮಚ ಸಾಕು, ಗನಾಶ್ ತಣಿದ ಮೇಲೆ ಹಾಕಿ, ಕ್ರೀಮನ್ನು ಅಷ್ಟೇ ಕಡಿಮೆ ಮಾಡಿ. ಇಲ್ಲಿ ಬೇಯಿಸುವುದಿಲ್ಲವಾದ್ದರಿಂದ ಮದ್ಯ ಆವಿಯಾಗಿ ಹೋಗುವುದಿಲ್ಲ. ಕೊಡುವಾಗ ಬಾಯಿ ಬಿಟ್ಟು ಹೇಳಬೇಕು, ಮಕ್ಕಳದ್ದನ್ನು ಬೇರೆ ಡಬ್ಬಿಯಲ್ಲಿಡಬೇಕು. ನೆಲಗಡಲೆ, ಗೋಡಂಬಿ ಹಾಕಿದ್ದರೂ ಹಾಗೆಯೇ. ಮನೆಯಲ್ಲಿ ಮಾಡಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಕೇಕಿಗೆ ಮೊಟ್ಟೆ ಹಾಕಿದ್ದರೆ ಪೊಟ್ಟಣದ ಮೇಲೆ ಹಸಿರು ಗುರುತು ಹಾಕುವಂತಿಲ್ಲ, ಕಂದು ಗುರುತೇ ಹಾಕಬೇಕು.

ಸಂಪಾದಕರಲ್ಲಿ ಒಂದು ಕೋರಿಕೆ. ಪುರವಣಿಯ ಅಡುಗೆ ಅಂಕಣದಲ್ಲಿ ಜಾಗ ಕಡಿಮೆ ಎಂದು ಗೊತ್ತು. ಚಿತ್ರವನ್ನು ಎರಡು ಇಂಚು ಕಿರಿದು ಮಾಡಿದರೆ ಮೂರು ವಿಷಯಕ್ಕೆ ಜಾಗ ಸಿಗುತ್ತದೆ: ಪ್ರತಿ ಪದಾರ್ಥದ ತೂಕ, ಚಾಕೊಲೇಟ್ ಯಾವ ಜಾತಿಯದು, ಮಾಡಿದ್ದು ಎಷ್ಟು ದಿನ ಇರುತ್ತದೆ. 'ಬೇಕಾದಷ್ಟು' ಎಂದು ಅಚ್ಚು ಹಾಕುವ ಮುನ್ನ ಆ ಅಂಕಣದವರು ಅದೊಂದನ್ನು ಅಳೆದು ನೋಡಲಿ.

ಅಂದ ಹಾಗೆ, ಅದ್ದಿ ಮುಗಿದ ಮೇಲೆ ಲೋಟದ ತಳದಲ್ಲಿ ಸುಮಾರು 150 ಗ್ರಾಂ ಕಾಂಪೌಂಡ್ ಉಳಿಯುತ್ತದೆ. ಅದರಲ್ಲಿ ಕೇಕಿನ ಪುಡಿ ಬಿದ್ದಿರುವುದರಿಂದ ಮತ್ತೆ ಅದ್ದಲು ಬಳಸಬೇಡಿ. ಚಹಾ ಸೋಸುವ ಒಣ ಜಾಲರಿಯಲ್ಲಿ ಬೆಚ್ಚಗಿರುವಾಗಲೇ ಸೋಸಿ, ಒಂದು ಹಿಡಿ ಹುರಿದ ನೆಲಗಡಲೆಯನ್ನೋ ಅವಲಕ್ಕಿಯನ್ನೋ ಬೆರೆಸಿ, ಬಟರ್ ಪೇಪರಿನ ಮೇಲೆ ಚಮಚದಿಂದ ಗುಪ್ಪೆ ಗುಪ್ಪೆಯಾಗಿ ಇಡಿ. ಹುರಿದ ಅವಲಕ್ಕಿ ಪೂರ್ತಿ ಆರಿರಬೇಕು.

ಇಂತಿ,
ಮನೆ ಬೇಕರಿ ನಡೆಸುವ ಇಬ್ಬರು ಓದುಗರು
ಪುತ್ತೂರು, ದಕ್ಷಿಣ ಕನ್ನಡ